ಮಡಿಕೇರಿಯ ಶಿಬಿರದಲ್ಲಿ ಕೊಟ್ಟ ರಕ್ತಕ್ಕೆ ರ‍್ಯಾಪಿಡ್ ಕಿಟ್ ಪರೀಕ್ಷೆ ಸಾಕಾ?

ತುರ್ತಿಗೆ ಸರಿ, ಸಮಯವಿದ್ದರೆ ಎಲೈಸಾ (ಲ್ಯಾಬ್‌ನಲ್ಲಿ ಮಾಡುವ ರಕ್ತಪರೀಕ್ಷೆ) ಮೇಲು. ನಮ್ಮಲ್ಲಿ ದಾನದ ಪ್ರತಿ ಯೂನಿಟ್‌ಗೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ.

ರ‍್ಯಾಪಿಡ್ ಕಿಟ್ ಅಂದರೆ ಪುಟ್ಟ ಕಾರ್ಡ್. ಒಂದೆರಡು ಹನಿ ಹಾಕಿದರೆ ಸುಮಾರು 15-20 ನಿಮಿಷದಲ್ಲಿ ಗೆರೆ ಮೂಡುತ್ತದೆ. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಕಾರ್ಡ್ ಲೆಕ್ಕಕ್ಕಿಲ್ಲ, ಹೊಸದರಲ್ಲಿ ಮತ್ತೆ ಮಾಡಬೇಕು. ತೇವ ಇದಕ್ಕೆ ಶತ್ರು. ಕೊಡಗಿನ ಮಳೆಗಾಲ ಗೊತ್ತಲ್ವಾ, ಪೊಟ್ಟಣವನ್ನು ಮುಂಚೆಯೇ ಒಡೆದಿಡಬಾರದು.

ಎಲೈಸಾಗೆ ಕೆಲವು ಗಂಟೆ ಬೇಕು, ಆದರೆ ಸೋಂಕನ್ನು ಪತ್ತೆ ಹಚ್ಚುವ ಸೂಕ್ಷ್ಮತೆ ಸಾಮಾನ್ಯವಾಗಿ ಜಾಸ್ತಿ. ಸೋಂಕು ತಗಲಿದ ಶುರುವಿನ ದಿನಗಳಲ್ಲಿ ಎರಡೂ ಏಮಾರಬಹುದು. ಅದಕ್ಕೇ ಶಿಬಿರದಲ್ಲಿ ಕೇಳುವ ಪ್ರಶ್ನೆಗಳಿಗೆ ಮುಜುಗರ ಬಿಟ್ಟು ನಿಜ ಹೇಳಿ. ಮಲೇರಿಯಾ ಬಂದಿತ್ತಾ? ಪೂರ್ತಿ ವಾಸಿಯಾಗಿ 3 ತಿಂಗಳು ಕಳೆದ ಮೇಲೆ ಬನ್ನಿ.