ಓದುಗರ ಪ್ರಶ್ನೆ: ಅದೇ ಕಂಪನಿಯ ಟಿವಿಯನ್ನೇ ಮತ್ತೆ ಕೊಳ್ಳಬೇಕೇ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯ ಟಿವಿ 14 ವರ್ಷ ಒಮ್ಮೆಯೂ ರಿಪೇರಿಗೆ ಬಾರದೆ ನಡೆದು ಈಚೆಗೆ ನಿಂತುಹೋಯಿತು. ಮತ್ತೆ ಅದೇ ಕಂಪನಿಯದನ್ನೇ ಕೊಳ್ಳಬೇಕೆಂಬುದು ನನ್ನ ಆಸೆ. ಆದರೆ ಅವರ ಹೊಸ ಮಾದರಿಯಲ್ಲಿ ಪಕ್ಕದಿಂದ ನೋಡಿದರೆ ಚಿತ್ರ ಮಸುಕಾಗುತ್ತದೆ, ಹೊರಗಿನ ಸಾಧನಗಳನ್ನು ಜೋಡಿಸುವ ಎಚ್‌ಡಿಎಂಐ ಕಿಂಡಿಗಳೂ ಎರಡೇ ಇವೆ ಎಂದು ಮಗಳು ಬೇರೆ ಕಂಪನಿಯದನ್ನು ತೋರಿಸುತ್ತಿದ್ದಾಳೆ. ಇಷ್ಟು ವರ್ಷದ ನಂಬಿಕೆಗೆ ಬೆಲೆಯೇ ಇಲ್ಲವೇ?

ಉತ್ತರ: ನಿಮ್ಮ ನಂಬಿಕೆಗೆ ಖಂಡಿತ ಬೆಲೆಯಿದೆ. ಆದರೆ ಅದು ಯಾವುದರ ಮೇಲಿನ ನಂಬಿಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. 14 ವರ್ಷ ದುಡಿದದ್ದು ಆ ಒಂದು ಟಿವಿ. ಅದನ್ನು ವಿನ್ಯಾಸ ಮಾಡಿದವರು, ಜೋಡಿಸಿದ ಕಾರ್ಖಾನೆ, ಒಳಗಿನ ಬಿಡಿಭಾಗಗಳು, ಇವು ಯಾವುವೂ ಈಗ ಮಾರಾಟಕ್ಕಿರುವ ಮಾದರಿಯಲ್ಲಿ ಹಾಗೆಯೇ ಉಳಿದಿರುತ್ತವೆ ಎನ್ನುವಂತಿಲ್ಲ. ಎಷ್ಟೋ ಸಲ ತಯಾರಕರೇ ಬದಲಾಗಿ ಹೆಸರು ಮಾತ್ರ ಉಳಿದಿರುತ್ತದೆ. ತೋಷಿಬಾ ತನ್ನ ಟಿವಿ ವ್ಯವಹಾರದ ಬಹುಪಾಲನ್ನು 2018ರಲ್ಲಿ ಚೀನಾದ ಹೈಸೆನ್ಸ್‌ಗೆ ಮಾರಿತು. ಫಿಲಿಪ್ಸ್ ಹೆಸರಿನ ಟಿವಿಗಳನ್ನು ಅನೇಕ ದೇಶಗಳಲ್ಲಿ ಟಿಪಿವಿ ಎಂಬ ಬೇರೆ ಸಂಸ್ಥೆ ತಯಾರಿಸುತ್ತದೆ. ನೋಕಿಯಾ ತನ್ನ ಫೋನ್ ವಿಭಾಗವನ್ನು 2014ರಲ್ಲಿ ಮೈಕ್ರೋಸಾಫ್ಟ್‌ಗೆ ಒಪ್ಪಿಸಿತು. ಆಮೇಲೆ ಆ ಹೆಸರಿನ ಫೋನುಗಳನ್ನು ತಂದದ್ದು ಎಚ್‌ಎಂಡಿ ಗ್ಲೋಬಲ್ ಎಂಬ ಮತ್ತೊಂದು ಕಂಪನಿ. ಕೈ ಬದಲಾದೊಡನೆ ಗುಣಮಟ್ಟ ಇಳಿಯಿತು ಎಂದು ನಾನು ಹೇಳುತ್ತಿಲ್ಲ. ಐಬಿಎಂನ ಥಿಂಕ್‌ಪ್ಯಾಡ್ 2005ರಲ್ಲಿ ಲೆನೊವೊ ಪಾಲಾದ ಮೇಲೂ ಒಳ್ಳೆಯ ಹೆಸರನ್ನು ಉಳಿಸಿಕೊಂಡಿದೆ. ಆದರೆ ಹಳೆಯ ಅನುಭವವನ್ನು ಹೊಸ ವಸ್ತುವಿಗೆ ಆಧಾರವಾಗಿ ಇಟ್ಟುಕೊಳ್ಳುವ ಮುನ್ನ, ಇದನ್ನು ಈಗ ತಯಾರಿಸುವವರು ಯಾರು, ಕೆಟ್ಟರೆ ಬಂದು ನೋಡುವವರು ಯಾರು ಎಂದು ಕೇಳಿ ತಿಳಿಯುವುದು ಅಗತ್ಯ.

ಹೆಸರೂ ತಯಾರಕರೂ ಬದಲಾಗದೆ ಇದ್ದರೂ ಒಂದು ತೊಡಕು ಉಳಿಯುತ್ತದೆ. ಒಂದೇ ಕಂಪನಿಯ ಅಗ್ಗದ ಸರಣಿಗೂ ಮೇಲಿನ ಸರಣಿಗೂ ಇರುವ ಅಂತರ ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಹುದು. ಒಂದೇ ಮಾದರಿಯ ಬೇರೆ ಬೇರೆ ಅಳತೆಗಳಲ್ಲಿ ಬೇರೆ ಬೇರೆ ಬಗೆಯ ಪ್ಯಾನೆಲ್ (ಚಿತ್ರ ಮೂಡುವ ಪರದೆಯ ಫಲಕ) ಇರುವುದೂ ಉಂಟು. ನಿಮ್ಮ ಮಗಳು ಗುರುತಿಸಿರುವ ದೋಷದ ಮೂಲ ಇಲ್ಲಿಯೇ ಇದೆ. ವಿಎ ಎಂಬ ಬಗೆಯ ಪ್ಯಾನೆಲ್‌ನಲ್ಲಿ ಕಪ್ಪು ಬಣ್ಣ ಗಾಢವಾಗಿ ಕಾಣುತ್ತದೆ, ಎದುರಿಗೆ ಕುಳಿತವರಿಗೆ ಚಿತ್ರ ಸೊಗಸಾಗಿರುತ್ತದೆ, ಆದರೆ ಪಕ್ಕಕ್ಕೆ ಸರಿದಂತೆ ಬಣ್ಣ ಪೇಲವವಾಗುತ್ತದೆ. ಐಪಿಎಸ್ ಬಗೆಯದರಲ್ಲಿ ಕಪ್ಪು ಅಷ್ಟು ಗಾಢವಲ್ಲದಿದ್ದರೂ ಕೋಣೆಯ ಮೂಲೆಯಲ್ಲಿ ಕುಳಿತವರಿಗೂ ಹೆಚ್ಚುಕಡಿಮೆ ಅದೇ ಚಿತ್ರ ಕಾಣುತ್ತದೆ. ಒಎಲ್‌ಇಡಿ ಎಂಬ ಮೂರನೆಯ ಬಗೆಯಲ್ಲಿ ಎರಡೂ ಗುಣಗಳಿವೆ. ಆದರೆ ಸುದ್ದಿವಾಹಿನಿಯ ಲಾಂಛನದಂಥ ಕದಲದ ಚಿತ್ರ ದಿನವಿಡೀ ನಿಂತರೆ ಅದರ ಗುರುತು ಪರದೆಯ ಮೇಲೆ ಕಾಯಂ ಆಗಿ ಉಳಿಯುವ ಸಾಧ್ಯತೆಯಿದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಎಷ್ಟು ಜನ ಎಲ್ಲೆಲ್ಲಿ ಕುಳಿತು ಏನನ್ನು ನೋಡುತ್ತೀರಿ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಆಟದ ಸಾಧನ ಮೂರೂ ಇರುವ ಮನೆಗೆ ಎರಡೇ ಕಿಂಡಿಗಳ ಟಿವಿ ತಂದರೆ ದಿನವೂ ತಂತಿ ಕಿತ್ತು ಹಾಕುವ ಕೆಲಸವಾಗುತ್ತದೆ. ಇದು ಚಿಕ್ಕ ವಿಷಯವೆಂದು ತೋರಿದರೂ ಹತ್ತು ವರ್ಷ ಅನುಭವಿಸಬೇಕಾದ ತೊಂದರೆ.

ಒಳಗಿರುವ ಆ್ಯಪ್‌ಗಳಿಗೆ ಮಾತ್ರ ಹೆಚ್ಚು ಮಹತ್ವ ಕೊಡಬೇಡಿ. ಟಿವಿಯ ತಂತ್ರಾಂಶ ಕೆಲವೇ ವರ್ಷಗಳಲ್ಲಿ ಹಳತಾದರೂ ಹೊರಗಿನಿಂದ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ ಕೊರತೆ ತುಂಬಿಕೊಳ್ಳಬಹುದು. ಪ್ಯಾನೆಲ್ಲನ್ನೂ ಕಿಂಡಿಗಳನ್ನೂ ಹಾಗೆ ಆಮೇಲೆ ಸೇರಿಸಲು ಬರುವುದಿಲ್ಲ.

ನನ್ನ ಅಭಿಪ್ರಾಯ ಮಗಳ ಕಡೆಗಿದೆ. ಆದರೆ ನಿಮ್ಮ ನಂಬಿಕೆಗೂ ನ್ಯಾಯವಾದ ಒಂದು ಜಾಗವಿದೆ. ಮನೆಯ ಅಗತ್ಯಗಳನ್ನು ಸಮನಾಗಿ ಪೂರೈಸುವ ಎರಡು ಮಾದರಿಗಳು ಕೊನೆಯಲ್ಲಿ ಉಳಿದು, ಅವುಗಳಲ್ಲಿ ಒಂದು ನಿಮ್ಮ ಹಳೆಯ ಕಂಪನಿಯದಾಗಿದ್ದರೆ, ಕಣ್ಣು ಮುಚ್ಚಿ ಅದನ್ನೇ ತನ್ನಿ.

ಪ್ರಶ್ನೆ: ನನ್ನ ಬಳಿ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಅದರ ಐದು ಲೆನ್ಸ್‌ಗಳಿವೆ. ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾಕ್ಕೆ ಬದಲಾಗುವಾಗ ಅದೇ ಕಂಪನಿಯಲ್ಲಿ ಉಳಿಯುತ್ತೇನೆ ಎಂದರೆ ಗೆಳೆಯರು ಬ್ರ್ಯಾಂಡ್ ಮೋಹ ಎನ್ನುತ್ತಾರೆ.

ಉತ್ತರ: ಅದು ಮೋಹವಲ್ಲ, ಸರಿಯಾದ ಲೆಕ್ಕ. ಕ್ಯಾಮೆರಾದಲ್ಲಿ ನೀವು ಹಣ ಹಾಕಿರುವುದು ಮುಖ್ಯವಾಗಿ ಲೆನ್ಸ್‌ಗಳ ಮೇಲೆ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನು, ಅಂದರೆ ಕ್ಯಾಮೆರಾಕ್ಕೆ ಲೆನ್ಸ್ ಕೂಡಿಸುವ ಜೋಡಣೆಯನ್ನು, ದಶಕಗಳ ಕಾಲ ಬಿಡಲಿಲ್ಲ. ಕ್ಯಾನನ್ 1987ರಲ್ಲಿ ಹಳೆಯದನ್ನು ಕೈಬಿಟ್ಟು ಇಎಫ್ ಮೌಂಟ್ ತಂದಾಗ ಹಿಂದಿನ ಲೆನ್ಸ್‌ಗಳು ಹೊಸ ಕ್ಯಾಮೆರಾಕ್ಕೆ ಕೂಡದಾದವು. 2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್‌ಗಾಗಿ ಹೊಸ ಮೌಂಟ್ ತಂದು, ಜೊತೆಗೆ ಹಳೆಯ ಲೆನ್ಸ್ ಕೂಡಿಸುವ ಅಡಾಪ್ಟರನ್ನೂ ಕೊಟ್ಟಿವೆ. ಇಎಫ್ ಲೆನ್ಸ್‌ಗಳ ಆಟೋಫೋಕಸ್ ಕ್ಯಾನನ್‌ನ ಅಡಾಪ್ಟರಿನ ಮೂಲಕ ಕೆಲಸ ಮಾಡುತ್ತದೆ. ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಾದರೋ, ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್ ಲೆನ್ಸ್‌ಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ನಿಮ್ಮ ಐದರಲ್ಲಿ ಅಂಥವು ಎಷ್ಟಿವೆ ಎಂದು ನೋಡಿಕೊಂಡು ಮುಂದುವರಿಯಿರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬಹಳ ವರ್ಷಗಳಿಂದ ಒಂದೇ ಕಂಪನಿಯ ಫೋನ್ ಬಳಸುತ್ತಿದ್ದೇನೆ. ಅದೇ ಹಣಕ್ಕೆ ಬೇರೆಯವರು ಹೆಚ್ಚು ಕೊಡುತ್ತಾರೆ ಎಂದು ಮೊಮ್ಮಗ ಹೇಳುತ್ತಾನೆ. ಫೋಟೋ, ವಾಟ್ಸ್‌ಆ್ಯಪ್ ಮಾತುಕತೆ, ಅಭ್ಯಾಸವಾದ ಗುಂಡಿಗಳು ಎಲ್ಲವನ್ನೂ ಬಿಟ್ಟು ಹೋಗಲು ನನಗೆ ಭಯ. ಇದು ಸೋಮಾರಿತನವೇ?

ಉತ್ತರ: ಅಮ್ಮಾ, ಇದು ಸೋಮಾರಿತನ ಅಲ್ಲವೇ ಅಲ್ಲ. ಕೈಗೆ ಒಗ್ಗಿದ ಸಾಧನವನ್ನು ಯಾರ ನೆರವೂ ಇಲ್ಲದೆ ಬಳಸಬಲ್ಲಿರಿ ಎಂಬುದು ಯಾವ ವಿವರಪಟ್ಟಿಯಲ್ಲೂ ಬರದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಅಗತ್ಯ. ಮೊಮ್ಮಗನು ಹೇಳುವ ‘ಹೆಚ್ಚು’ ಎಂಬುದು ಹೆಚ್ಚು ಮೆಗಾಪಿಕ್ಸೆಲ್, ಹೆಚ್ಚು ವೇಗದ ಚಿಪ್ ಆಗಿದ್ದು, ಅವು ನಿಮ್ಮ ದಿನದ ಬಳಕೆಗೆ ಬಾರದಿದ್ದರೆ, ಅದಕ್ಕಾಗಿ ನೀವು ಕಂಪನಿ ಬದಲಾಯಿಸಬೇಕಾಗಿಲ್ಲ.

ಆದರೂ ಭಯವೊಂದೇ ನಿಮ್ಮನ್ನು ಹಿಡಿದಿಟ್ಟಿದ್ದರೆ ಅದನ್ನು ಸ್ವಲ್ಪ ಸಡಿಲಿಸಬಹುದು. ಫೋಟೋಗಳನ್ನೂ ಸಂಪರ್ಕ ಸಂಖ್ಯೆಗಳನ್ನೂ ಈಗ ಸುಲಭವಾಗಿ ಸಾಗಿಸಬಹುದು. ಆಂಡ್ರಾಯ್ಡ್ ಮತ್ತು ಐಫೋನ್ ನಡುವೆ ವಾಟ್ಸ್‌ಆ್ಯಪ್ ಸಂಭಾಷಣೆಗಳೂ ವರ್ಗಾವಣೆಯಾಗುತ್ತವೆ; ಹೊಸ ಫೋನನ್ನು ಮೊದಲು ಸಿದ್ಧಗೊಳಿಸುವ ಹಂತದಲ್ಲಿಯೇ ಅದನ್ನು ಮಾಡಿಕೊಳ್ಳುವುದು ಕ್ಷೇಮ, ಮತ್ತು ಎಲ್ಲವೂ ಬಂದಿದೆಯೆಂದು ಖಾತ್ರಿಯಾಗುವವರೆಗೆ ಹಳೆಯ ಫೋನನ್ನು ಅಳಿಸಲೂ ಬಾರದು, ಯಾರಿಗೂ ಕೊಡಲೂ ಬಾರದು. ಹಣ ಕೊಟ್ಟು ಕೊಂಡ ಆ್ಯಪ್‌ಗಳು ಮಾತ್ರ ಒಂದು ಬದಿಯಿಂದ ಇನ್ನೊಂದು ಬದಿಗೆ ಬರುವುದಿಲ್ಲ. ಕೈಗಡಿಯಾರವಿದ್ದರೆ ಎಚ್ಚರ ಬೇಕು: ಆ್ಯಪಲ್ ವಾಚ್ ಆಂಡ್ರಾಯ್ಡ್ ಫೋನಿನೊಂದಿಗೆ ಕೆಲಸ ಮಾಡುವುದಿಲ್ಲ. ಚಾರ್ಜರಿನ ಕಾರಣಕ್ಕೆ ಹಳೆಯ ಕಂಪನಿಯಲ್ಲೇ ಉಳಿಯಬೇಕಾದ ಕಾಲವಂತೂ ಹೋಯಿತು. ಐಫೋನ್ 2023ರಲ್ಲಿ ಯುಎಸ್‌ಬಿ-ಸಿ ಎಂಬ ಚಾರ್ಜಿಂಗ್ ಕಿಂಡಿಗೆ ಬಂದಿತು, ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಆ ಕಿಂಡಿಯನ್ನು ಕಡ್ಡಾಯ ಮಾಡಿತು.

ಇದೇ ಕಂಪನಿಯಲ್ಲಿ ಉಳಿದರೂ, ಬಿಟ್ಟರೂ, ನೀವು ಬಿಡದೆ ಕೇಳಬೇಕಾದದ್ದು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂಬುದು. ಬ್ಯಾಂಕಿನ ವ್ಯವಹಾರವನ್ನೂ ಫೋನಿನಲ್ಲೇ ಮಾಡುವ ಈ ದಿನಗಳಲ್ಲಿ ಇದನ್ನು ನಾನು ಕ್ಯಾಮೆರಾಕ್ಕಿಂತ ಮೇಲೆ ಇಡುತ್ತೇನೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಭರವಸೆ ಕೊಟ್ಟಿವೆ. ಹಾಗೆಂದು ಅದೇ ಹೆಸರಿನ ಅಗ್ಗದ ಫೋನಿಗೂ ಏಳು ವರ್ಷ ಸಿಗುತ್ತದೆ ಎಂದುಕೊಳ್ಳಬಾರದು. ಸಾಮಾನ್ಯವಾಗಿ ಆ ವರ್ಷಗಳನ್ನು ಎಣಿಸುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ರಿಯಾಯಿತಿ ಇದೆಯೆಂದು ಎರಡು ವರ್ಷ ಹಳೆಯ ಮಾದರಿಯನ್ನು ತಂದರೆ ಭರವಸೆಯಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತದೆ. ನಿಮ್ಮ ಕಂಪನಿಯ ಹೊಸ ಫೋನು ಈ ಪರೀಕ್ಷೆಯಲ್ಲಿ ಗೆದ್ದರೆ, ಮೊಮ್ಮಗನಿಗೆ ಧೈರ್ಯವಾಗಿ ಹಾಗೆಂದು ಹೇಳಿ ಅದನ್ನೇ ಕೊಳ್ಳಿ.

ಪ್ರಶ್ನೆ: ಎಂಜಿನಿಯರಿಂಗ್ ಸೇರಿರುವ ಮಗನಿಗೆ ನಾನು ಕಚೇರಿಯಲ್ಲಿ ಬಳಸುವ ಕಂಪನಿಯದೇ ಲ್ಯಾಪ್‌ಟಾಪನ್ನು ಸೆಕೆಂಡ್ ಹ್ಯಾಂಡ್ ಕೊಡಿಸಬಹುದೇ?

ಉತ್ತರ: ಕೊಡಿಸಬಹುದು, ಆದರೆ ಮೂರು ವಿಷಯಗಳನ್ನು ವಿಚಾರಿಸಿ. ಅವನ ಪಠ್ಯಕ್ರಮಕ್ಕೆ ಬೇಕಾದ ತಂತ್ರಾಂಶ ಯಾವ ಕಾರ್ಯವ್ಯವಸ್ಥೆಯಲ್ಲಿ ನಡೆಯುತ್ತದೆ ಎಂಬುದನ್ನು ಕಾಲೇಜಿನಿಂದಲೇ ತಿಳಿದುಕೊಳ್ಳಿ. ಎಂಜಿನಿಯರಿಂಗ್ ವಿನ್ಯಾಸದ ಕೆಲವು ತಂತ್ರಾಂಶಗಳು ವಿಂಡೋಸ್‌ನಲ್ಲಿ ಮಾತ್ರ ಓಡುತ್ತವೆ. ರ‍್ಯಾಮನ್ನು ಮುಂದೆ ಹೆಚ್ಚಿಸಲು ಬರುತ್ತದೆಯೇ, ಅಥವಾ ಬೋರ್ಡಿಗೆ ಬೆಸುಗೆ ಹಾಕಿದ್ದಾರೆಯೇ ಎಂದು ಆ ಮಾದರಿಯ ಸಂಖ್ಯೆ ಹಿಡಿದು ಹುಡುಕಿ, ಏಕೆಂದರೆ ಒಂದೇ ಕಂಪನಿಯಲ್ಲಿ ಎರಡೂ ಬಗೆಯವು ಇರುತ್ತವೆ. ವಿಂಡೋಸ್ 11 ಅದರಲ್ಲಿ ನಡೆಯುತ್ತದೆಯೇ ಎಂದೂ ನೋಡಿ, ಏಕೆಂದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ನಿಮ್ಮ ಕಚೇರಿಯ ಯಂತ್ರದಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಈ ಪಟ್ಟಿಯ ಹೊರಗಿರುವ ಯಂತ್ರವನ್ನು ಮಗನಿಗೆ ಕೊಡಿಸಬೇಡಿ.