ಕ್ಯಾನ್ಸರ್ ರೋಗಿಗೆ ಗಂಜಿಯ ಪಥ್ಯ ಸಾಕೇ?

ಪ್ರಶ್ನೆ: ತಂದೆಗೆ 62 ವರ್ಷ. ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ನಡೆಯುತ್ತಿದೆ. ಮೂರು ತಿಂಗಳಲ್ಲಿ ತೂಕ 68 ಕಿಲೋದಿಂದ 60ಕ್ಕೆ ಇಳಿದಿದೆ. ಸಕ್ಕರೆ, ಹಾಲು, ಮೊಟ್ಟೆ, ಮೀನು ಗಡ್ಡೆಯನ್ನು ಬೆಳೆಸುತ್ತವೆಂದು ಪಂಡಿತರೊಬ್ಬರು ಹೇಳಿದ್ದರಿಂದ ಮೂರು ಹೊತ್ತೂ ಗಂಜಿಯನ್ನೇ ಕೊಡುತ್ತಿದ್ದೇವೆ. ಇದು ಸರಿಯೇ?
– ಓದುಗರು, ಕಾರ್ಕಳ

ಉತ್ತರ: ಸರಿಯಲ್ಲ. ಇದೇ ಪ್ರಶ್ನೆ ಪುತ್ತೂರು, ಕುಂದಾಪುರಗಳಿಂದಲೂ ಮತ್ತೆ ಮತ್ತೆ ಬರುತ್ತದೆ, ಬರುವಾಗ ತಡವಾಗಿರುತ್ತದೆ. ಆರು ತಿಂಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೇ ನಮಗೆ ಆತಂಕ. ನಿಮ್ಮ ತಂದೆಯವರು ಅದರ ಅರ್ಧ ಅವಧಿಯಲ್ಲಿ ಸುಮಾರು ಶೇಕಡಾ 12ರಷ್ಟು ಕಳೆದುಕೊಂಡಿದ್ದಾರೆ.

ಲೆಕ್ಕ ಹಾಕಿ ನೋಡಿ. ಬಟ್ಟಲು ಗಂಜಿಗೆ 50 ಗ್ರಾಂ ಕುಚ್ಚಲಕ್ಕಿ ಹಾಕಿದರೆ, ಮೂರು ಹೊತ್ತಿಗೆ ದೊರೆಯುವುದು ಐನೂರು ಚಿಲ್ಲರೆ ಕ್ಯಾಲೊರಿ, ಹತ್ತು-ಹನ್ನೆರಡು ಗ್ರಾಂ ಪ್ರೋಟೀನು. ಅವರಿಗೆ ಬೇಕಿರುವುದು ದಿನಕ್ಕೆ 1500ರಿಂದ 1800 ಕ್ಯಾಲೊರಿ, 60ರಿಂದ 90 ಗ್ರಾಂ ಪ್ರೋಟೀನು. ಸಕ್ಕರೆ ನಿಲ್ಲಿಸಿದರೆ ಗಡ್ಡೆ ಉಪವಾಸ ಬೀಳುವುದಿಲ್ಲ. ಹೊರಗಿನಿಂದ ಬಾರದ ಗ್ಲೂಕೋಸನ್ನು ಯಕೃತ್ತು ಸ್ನಾಯುವಿನ ಪ್ರೋಟೀನಿನಿಂದಲೇ ತಯಾರಿಸಿಕೊಳ್ಳುತ್ತದೆ. ಕ್ಯಾನ್ಸರಿನ ಉರಿಯೂತ ಮೊದಲೇ ಸ್ನಾಯುವನ್ನು ಕರಗಿಸುತ್ತಿರುವಾಗ, ಆಹಾರವನ್ನೂ ಕಿತ್ತುಕೊಳ್ಳುವ ಪಥ್ಯ ಆ ಕರಗುವಿಕೆಗೆ ನೆರವಾಗುತ್ತದೆ. ಅವರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಭಾಗವನ್ನು ಒತ್ತಿ ನೋಡಿ: ಮಾಂಸ ಇಂಗಿ ಅಲ್ಲಿ ಗುಳಿ ಬಿದ್ದಿದ್ದರೆ ಕರಗಿರುವುದು ಬರಿಯ ಕೊಬ್ಬಲ್ಲ. ಪಥ್ಯ ಹೇಳಿದ ಪಂಡಿತರು ಅವರನ್ನು ಒಮ್ಮೆಯಾದರೂ ತಕ್ಕಡಿಯ ಮೇಲೆ ನಿಲ್ಲಿಸಿದ್ದಾರೆಯೇ?

ಗಂಜಿಯನ್ನು ಬಿಡಬೇಕಾಗಿಲ್ಲ, ಅದನ್ನು ಗಟ್ಟಿ ಮಾಡಿ. ತಿಳಿ ಬಸಿದು, ಹೆಸರುಬೇಳೆಯೊಡನೆ ಮೆತ್ತಗೆ ಬೇಯಿಸಿ, ಒಂದು ದೊಡ್ಡ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಬೆರೆಸಿದರೆ ಎಣ್ಣೆಯೊಂದರಿಂದಲೇ ಸುಮಾರು 120 ಕ್ಯಾಲೊರಿ ಸೇರುತ್ತದೆ. ಬೇಯಿಸಿದ ಮೊಟ್ಟೆಯನ್ನೋ, ಮುಳ್ಳು ತೆಗೆದ ಬಂಗುಡೆಯನ್ನೋ ಅದರಲ್ಲಿ ಕಿವುಚಿ ಕೊಡಿ. ಬಾಯಿ ಹುಣ್ಣಾಗಿರುವಾಗ ಮೆಣಸು, ಹುಳಿ, ಉಪ್ಪಿನಕಾಯಿ ಬೇಡ, ತೀರಾ ಬಿಸಿಯೂ ಬೇಡ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಡಿ, ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ. ಆಹಾರವೊಂದರಿಂದಲೇ ಕಳೆದುಹೋದ ಸ್ನಾಯುವೆಲ್ಲ ಮರಳುತ್ತದೆಂದು ನಾನು ಭರವಸೆ ಕೊಡಲಾರೆ, ಆದರೆ ರೇಡಿಯೇಷನ್ನನ್ನು ನಡುವೆ ನಿಲ್ಲಿಸದೆ ಮುಗಿಸುವ ಶಕ್ತಿ ಅವರಲ್ಲಿ ಉಳಿಯಬೇಕು.

ನುಂಗುವಾಗ ನೋವಿದ್ದರೆ ಊಟಕ್ಕೆ ಮುಂಚಿನ ನೋವಿನ ಔಷಧವನ್ನು ಕೇಳಿ ಪಡೆಯಿರಿ. ನುಂಗಿದಾಗ ಕೆಮ್ಮು ಬಂದರೆ, ಅಥವಾ ಇಷ್ಟಾದರೂ ತೂಕ ಇಳಿಯುತ್ತಲೇ ಇದ್ದರೆ, ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ಕೊಳವೆಯ ಬಗ್ಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರೊಡನೆ ಈ ವಾರವೇ ಮಾತನಾಡಿ. ಕೊಳವೆ ಹಾಕಿದರೆ ಎಲ್ಲವೂ ಮುಗಿಯಿತೆಂದು ಮನೆಯವರು ಅಳುವುದನ್ನು ಕಂಡಿದ್ದೇನೆ. ಎಷ್ಟೋ ಮಂದಿಗೆ ಹುಣ್ಣು ಮಾಯುವವರೆಗೆ ಮಾತ್ರ ಅದು ಬೇಕಾಗುತ್ತದೆ.

ಪ್ರಶ್ನೆ: ಲಕ್ಷ್ಮಣಫಲದ ಎಲೆಯ ಕಷಾಯ ಕೊಡಬಹುದೇ?

ಉತ್ತರ: ಬೇಡ. ಅದು ಕ್ಯಾನ್ಸರನ್ನು ಗುಣಪಡಿಸುತ್ತದೆಂಬುದಕ್ಕೆ ರೋಗಿಗಳಲ್ಲಿ ಆಧಾರವಿಲ್ಲ, ಅದರಲ್ಲಿರುವ ಅನೋನಾಸಿನ್ ನರಕೋಶಗಳಿಗೆ ವಿಷ.

ಪ್ರಶ್ನೆ: ಹಸಿವಿನ ಮಾತ್ರೆಯ ಹೆಸರು ಬರೆಯುವಿರಾ?

ಉತ್ತರ: ರೋಗಿಯನ್ನು ನೋಡದೆ ಬರೆಯುವುದಿಲ್ಲ. ಮೆಜೆಸ್ಟ್ರಾಲ್‌ನಂಥ ಔಷಧದಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಪ್ರಶ್ನೆ: ಅಮ್ಮ ದಪ್ಪವಿದ್ದರು. ಕಿಮೊ ಶುರುವಾದ ಮೇಲೆ ಇಳಿದದ್ದು ಒಳ್ಳೆಯದೇ ಅಲ್ಲವೇ?

ಉತ್ತರ: ಅಲ್ಲ. ದಪ್ಪ ಮೈಯ ಒಳಗೂ ಸ್ನಾಯು ಕರಗುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೆ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ, ಬರೆದಿಟ್ಟು, ಮುಂದಿನ ಕಿಮೊಗೆ ಹೋಗುವಾಗ ಆ ಚೀಟಿಯನ್ನು ವೈದ್ಯರ ಕೈಗೆ ಕೊಡಿ.