ಗಾಳಿ ಕೇಳಿ ಹೇಳುತ್ತೇನೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಣ್ಣಾ, ಮಲ್ಪೆಯಲ್ಲಿ ಮೂರು ವರ್ಷದಿಂದ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಕಡಲಲ್ಲಿ ಓಡಿಸುವುದು) ಮಾಡುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ಐದು ಜನರ ತಂಡ ಥಾಯ್ಲೆಂಡಿಗೆ ರೇಸಿಗೆ ಹೋಗುತ್ತಿದೆ. ವಿದೇಶಕ್ಕೆ ಇದೇ ಮೊದಲು. 40 ಬೋರ್ಡು ಒಟ್ಟಿಗೆ ಹೊರಡುತ್ತವಂತೆ, ನೆನೆಸಿಕೊಂಡರೇ ಹೊಟ್ಟೆ ಕಲಸುತ್ತದೆ. ಯಾವುದಕ್ಕೆ ಜಾಸ್ತಿ ತಯಾರಾಗಬೇಕು?

ಉತ್ತರ: ಸ್ಟಾರ್ಟಿಗೆ. ಉಳಿದದ್ದೆಲ್ಲ ಆಮೇಲೆ ಮಾರಾಯ.

ಮಲ್ಪೆಯಲ್ಲಿ ನೀವು ನಾಲ್ಕೈದು ಜನ ಹಾಯಿ ಎತ್ತಿದರೆ ಇಡೀ ಕಡಲು ನಿಮ್ಮದೇ. ಅಲ್ಲಿ ಹಾಗಲ್ಲ, ಪಕ್ಕದವನ ಬೂಮ್ (ಹಾಯಿ ಹಿಡಿಯುವ ಅಡ್ಡಹಿಡಿ) ನಿಮ್ಮ ಹಾಯಿಗೆ ತಾಗುವಷ್ಟು ಹತ್ತಿರ ಇರುತ್ತದೆ, ಎಲ್ಲರೂ ಅವರವರ ಭಾಷೆಯಲ್ಲಿ ಕೂಗುತ್ತಿರುತ್ತಾರೆ. ನನ್ನ ಮೊದಲ ವಿದೇಶಿ ರೇಸಿನಲ್ಲಿ ನಾನು ಹೊರಡುವ ಗೆರೆಗಿಂತ ಒಂದು ಮೊಳ ಮುಂದಿದ್ದೆ. ಗೊತ್ತೇ ಆಗಲಿಲ್ಲ. ಹನ್ನೆರಡನೆಯವನಾಗಿ ಮುಗಿಸಿದೆ ಅಂತ ಬೀಗುತ್ತಾ ದಡಕ್ಕೆ ಬಂದರೆ, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಓಸಿಎಸ್, ಅಂದರೆ ಬೇಗ ಹೊರಟವ! ಹಾರ್ನ್ ಕೇಳಲಿಲ್ಲ ಎಂದು ಜಗಳಕ್ಕೆ ಹೋದೆ. ನಿಯಮದಲ್ಲಿ ಹೊರಡುವ ಸಮಯದ ಲೆಕ್ಕ ಬಾವುಟದ್ದು, ಸದ್ದಿನದ್ದಲ್ಲ. ಬಿಳಿ ಮೇಲೆ ನೀಲಿ ಶಿಲುಬೆಯ ಬಾವುಟ ಏರಿದರೆ ಯಾರೋ ಮೊದಲೇ ಹೊರಟಿದ್ದಾರೆ ಎಂದರ್ಥ, ಅದು ನೀವಾದರೆ ವಾಪಸ್ ಬಂದು ಮತ್ತೆ ಹೊರಡಬೇಕು. ನಾನು ತಿರುಗಿ ನೋಡಿಯೇ ಇರಲಿಲ್ಲ.

ಅಂಕದ ಲೆಕ್ಕ ನೋಡಿ. ಮೊದಲನೆಯವನಿಗೆ 1, ಎರಡನೆಯವನಿಗೆ 2, ಹೀಗೆ. ಕಡಿಮೆ ಇದ್ದವನು ಗೆದ್ದ. 40 ಜನರಲ್ಲಿ ಕೊನೆಗೆ ಬಂದರೂ 40, ಓಸಿಎಸ್ ಆದರೆ 41! ಸಾಮಾನ್ಯವಾಗಿ ಹಲವು ರೇಸುಗಳಲ್ಲಿ ಒಂದು ಕೆಟ್ಟ ರೇಸನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ, ಆದರೆ ಅದನ್ನು ಮೊದಲ ದಿನವೇ ಸುಮ್ನೆ ಕಳೆದುಕೊಳ್ಳುವುದು ಯಾಕೆ?

ಈಗಿನಿಂದಲೇ ಖಾಲಿ ಕ್ಯಾನ್ ಎರಡಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಡಿ, ಅದೇ ನಿಮ್ಮ ಗೆರೆ. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ಐದೂ ಜನ ವಾಚ್ ಒತ್ತಿ ಹೊರಡಲು ಇನ್ನು 5 ನಿಮಿಷ, 4, 1 ಅಂತ ಎಣಿಸಿ. ಕೊನೆಯ ನಿಮಿಷ ಬೋರ್ಡನ್ನು ನಿಂತಲ್ಲೇ ನಿಲ್ಲಿಸಿಕೊಳ್ಳುವುದು ಓಡಿಸುವುದಕ್ಕಿಂತ ಕಷ್ಟ, ಕಾಲು ನಡುಗುತ್ತದೆ. ಬಲಗೈ ಮಾಸ್ಟಿಗೆ (ಹಾಯಿಯ ಕಂಬಕ್ಕೆ) ಹತ್ತಿರ ಇದ್ದರೆ ನೀವು ಸ್ಟಾರ್‌ಬೋರ್ಡ್ ಟ್ಯಾಕ್, ಎದುರಿನವನು ಪೋರ್ಟಿನಲ್ಲಿದ್ದರೆ (ಎಡಗೈ ಮಾಸ್ಟಿಗೆ ಹತ್ತಿರ) ಅವನೇ ದಾರಿ ಬಿಡಬೇಕು, ನಿಮ್ಮ ತಂಡದವನೇ ಆದರೂ ಸರಿ. ತಂಡ ಏನಿದ್ದರೂ ದಡದಲ್ಲಿ. ರೇಸಿಗೆ ಮೊದಲು ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಹೋಗಿ ಗಾಳಿ ಎಲ್ಲಿ ಚೆನ್ನಾಗಿದೆ ಅಂತ ಬಂದು ಹೇಳಿ. 4 ನಿಮಿಷದ ಬಾವುಟ ಏರಿದ ಮೇಲೆ ಕೋಚ್ ಕೂಡ ಬಾಯಿ ಮುಚ್ಚಿಕೊಂಡಿರಬೇಕು.

ಪ್ರಶ್ನೆ: ಮಗಳು ಅದೇ ತಂಡದಲ್ಲಿದ್ದಾಳೆ. ಇಷ್ಟುದ್ದದ ಸಾಮಾನನ್ನು ವಿಮಾನದಲ್ಲಿ ಹೇಗೆ ಕಳಿಸುವುದು? (ಸುರತ್ಕಲ್‌ನ ತಾಯಿ)

ಉತ್ತರ: ಅಕ್ಕಾ, ಬೋರ್ಡು, ಹಾಯಿ ಅಲ್ಲೇ ಬಾಡಿಗೆಗೆ ಸಿಗುತ್ತದೆಯೇ ಎಂದು ಆಯೋಜಕರನ್ನು ಈಗಲೇ ಕೇಳಿ. ಮೈಗೆ ಒಗ್ಗಿದ ಹಾರ್ನೆಸ್ (ಮೈಗೆ ಕಟ್ಟಿಕೊಂಡು ಬೂಮಿಗೆ ಕೊಕ್ಕೆ ಹಾಕುವ ಪಟ್ಟಿ) ಮಾತ್ರ ಅವಳದೇ ಇರಲಿ. ಮಾಸ್ಟು ಎರಡು ತುಂಡಾಗಿರುತ್ತದೆ, ಜೋಡಿಸುವ ಮೊದಲು ಸಿಹಿನೀರಿನಲ್ಲಿ ತೊಳೆಯಲು ಹೇಳಿ. ಒಂದು ಚಿಟಿಕೆ ಮರಳು ಸೇರಿದರೂ ಸಾಕು, ಸಂಜೆ ಅದನ್ನು ಬಿಡಿಸಲು ಆ ಕಡೆ ಇಬ್ಬರು ಈ ಕಡೆ ಇಬ್ಬರು ಹಿಡಿದು ತಿರುಚಬೇಕಾಗುತ್ತದೆ.